ಕೆಂಚಿಯ ಕಿವಿ ಯಾರ ಗುರುತು?

ಅಜ್ಜಿ ಹೇಳುವ ಕಥೆಗಳಲ್ಲಿ ನಾಯಿಗೆ ಮಾತು ಬರುತ್ತದೆ. ಬೆಂಗಳೂರಿನ ಬಿಟಿಎಂ ಲೇಔಟಿನ ಬೀದಿನಾಯಿಗಳಿಗೆ ಬರುವುದಿಲ್ಲ. ಅವುಗಳ ಪರವಾಗಿ ಬೈಸಿಕೊಳ್ಳಲು, ಅವುಗಳಿಗೆ ಅನ್ನ ಹಾಕಿ ನೋಡಿಕೊಳ್ಳುವ ಟೈಲರ್ ಗೌರಮ್ಮ ಇದ್ದರು.

2004ನೇ ಇಸವಿ. ಕೊಪ್ಪಳದ ಕಡೆಯಿಂದ ಬಂದು ಆ ಬೀದಿಯಲ್ಲಿ ಬಾಡಿಗೆಗಿದ್ದ ಹುಲಿಗೆವ್ವನಿಗೆ ದಿನಾ ಬೆಳಿಗ್ಗೆ ಒಂದೇ ಗೋಳು. ರಂಗೋಲಿ ಹಾಕಿ ತಿರುಗುವಷ್ಟರಲ್ಲಿ ಕೆಂಚಿ ಎಂಬ ನಾಯಿ ಅದರ ಮೇಲೆ ಮಲಗಿರುತ್ತಿತ್ತು.

"ಗೌರಮ್ಮಾರ, ನಿಮ್ಮ ನಾಯಿ ನಿಮ್ಮ ಮನ್ಯಾಗ ಕಟ್ಕೊಳ್ರೀ!"

"ನನ್ನ ನಾಯಿ ಅಲ್ಲ ಕಣಮ್ಮ, ಬೀದಿದು."

"ಸುಳ್ಳ ಹೇಳಬ್ಯಾಡ್ರಿ. ಕಿವಿ ಕತ್ತರಿಸಿ ಗುರುತು ಹಾಕ್ಸೀರಿ. ನಮ್ಮೂರಾಗ ಕುರಿ ಕಿವಿ ಯಾರು ಕೊಯ್ತಾರೋ, ಕುರಿ ಅವರದ!"

ಗೌರಮ್ಮ ಹಣೆ ಚಚ್ಚಿಕೊಂಡರು. "ಹಂಗಾದ್ರೆ ಈ ಏರಿಯಾದ ನಲವತ್ತು ನಾಯೀನೂ ನಂದೇ! ಎಷ್ಟು ಸಲ ಹೇಳ್ಲಿ? ಕಿವಿ ತುದಿ ಕತ್ತರಿಸಿದೆ ಅಂದ್ರೆ ಆಪರೇಷನ್ ಆಗಿದೆ, ಇನ್ನು ಮರಿ ಹಾಕಲ್ಲ. ರೇಬಿಸ್ ಸೂಜಿ ಹಾಕಿದೆ. ಮಂಪರು ಕೊಟ್ಟೇ ಕತ್ತರಿಸೋದು."

"ಆ ಕಥಿ ಕುರಿಗೆ ಹೇಳ್ರಿ."

ಆ ಭಾನುವಾರ ಹುಲಿಗೆವ್ವ ಗಂಡನ ತಲೆ ತಿಂದಳು. ಲಗೇಜ್ ಆಟೋ ಓಡಿಸುವ ಭೀಮಪ್ಪ ಕೆಂಚಿಯನ್ನು ದೂರದ ಗೊಟ್ಟಿಗೆರೆಯಲ್ಲಿ ಬಿಟ್ಟು ಬಂದ.

ಎರಡು ದಿನ ರಂಗೋಲಿ ಕೆಡಲಿಲ್ಲ. ಮೂರನೆಯ ದಿನ ಎಲ್ಲಿಂದಲೋ ಮೂರು ನಾಯಿಗಳು ಬಂದವು. ಮೂರರ ಕಿವಿಗಳೂ ಪೂರ್ತಿ ಇದ್ದವು. ಹಾಲು ತರಲು ಹೋದ ಹುಲಿಗೆವ್ವನ ಮಗಳು ಜಯಾಳ ಮೀನಖಂಡಕ್ಕೆ ಅವುಗಳಲ್ಲೊಂದು ಬಾಯಿ ಹಾಕಿತು.

ಹುಲಿಗೆವ್ವ ಅಳುತ್ತಾ ಖಾರದಪುಡಿ ಡಬ್ಬಿ ತಂದಳು. ಹೆಗಲ ಮೇಲಿನ ಟೇಪು ಬೀಳುವಂತೆ ಓಡಿಬಂದ ಗೌರಮ್ಮ ಅದನ್ನು ಕಿತ್ತುಕೊಂಡರು.

"ಗಾಯಕ್ಕೆ ಒಗ್ಗರಣೆ ಹಾಕ್ತೀಯಾ? ನಲ್ಲಿ ಬಿಡು! ಸೋಪ್ ತಾ!"

ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆದರು. ಅಲ್ಲಿಂದ ನೇರ ಆಸ್ಪತ್ರೆ, ಸೂಜಿ.

"ಸೂಜಿ ಹಾಕಿಸ್ಕೊಂಡಿರೋ ಕೆಂಚಿ ಕಚ್ಚಿದ್ರೂ ಇಷ್ಟೇ ಮಾಡ್ಬೇಕು," ಎಂದರು ಗೌರಮ್ಮ. "ಡಾಕ್ಟ್ರು ಹೇಳಿದ ಒಂದು ಸೂಜೀನೂ ತಪ್ಪಿಸ್ಬಾರ್ದು. ಅಂದಹಾಗೆ, ಕೆಂಚಿ ಎಲ್ಲಿ?"

ಹುಲಿಗೆವ್ವ ತಲೆ ತಗ್ಗಿಸಿ ಎಲ್ಲ ಹೇಳಿದಳು.

"ಥೂ ನಿನ್ನ! ಅದಿದ್ದಿದ್ರೆ ಹೊರಗಿನವನ್ನ ಸುಲಭಕ್ಕೆ ಬಿಡ್ತಿತ್ತಾ? ಒಂದು ನಾಯಿ ಓಡಿಸಿದ್ರೆ ಜಾಗ ಖಾಲಿ ಇರಲ್ಲಮ್ಮ. ಇಲ್ಲಿನ ಪಿಜಿ ರೂಮ್ ಥರ. ಒಬ್ಬರು ಹೋದ್ರೆ ಇನ್ನೊಬ್ಬರು!"

ಬೈದರು, ಆದರೆ ಸುಮ್ಮನೆ ಕೂರಲಿಲ್ಲ. ತಮ್ಮಂಥ ನಾಲ್ವರು ಸ್ವಯಂಸೇವಕರನ್ನು ಕರೆದು ಮೂರೂ ನಾಯಿಗಳನ್ನು ಹಿಡಿಸಿ ಪಶುವೈದ್ಯರಿಗೆ ಒಪ್ಪಿಸಿದರು. ಅಂಗಡಿ ಮುಚ್ಚಿ ಭೀಮಪ್ಪನ ಆಟೋದಲ್ಲಿ ಗೊಟ್ಟಿಗೆರೆ ಸುತ್ತಿದರು. ಟೀ ಅಂಗಡಿಯ ಹಿಂದೆ ಬಡಕಲಾಗಿ ಕೂತಿದ್ದ ಕೆಂಚಿ, ಬಿಟ್ಟು ಹೋದ ಭೀಮಪ್ಪನ ಕೈಯನ್ನೇ ಮೊದಲು ನೆಕ್ಕಿತು. ಅದೇ ಆಟೋದಲ್ಲಿ ಬೀದಿಗೆ ಮರಳಿತು.

ಮರುದಿನ ಹುಲಿಗೆವ್ವ ಬಿಸಿ ರೊಟ್ಟಿ ತಂದಳು. "ನಾಯಿಗಲ್ರಿ, ನಿಮಗ. ನಿಮ್ಮನ್ನ ಯಾರೂ ಉಂಡೀರೇನು ಅಂತ ಕೇಳಿದ್ದ ಇಲ್ಲ."

ಗೌರಮ್ಮ ಹೊಲಿಗೆ ನಿಲ್ಲಿಸಿ, ರೊಟ್ಟಿ ಮುರಿದು ಅರ್ಧ ಹುಲಿಗೆವ್ವನ ಕೈಗಿಟ್ಟರು.

ಜಯಾಳ ಸೂಜಿಗಳೆಲ್ಲ ಮುಗಿದವು. ಆಪರೇಷನ್ ಆದ ಮೂರೂ ನಾಯಿಗಳು ಕಿವಿ ಗುರುತಿನೊಂದಿಗೆ ಮರಳಿದವು. ಎದುರು ಮನೆಗೆ ಹೊಸದಾಗಿ ಬಂದವರು ಕೂಗಿದರು: "ಯಾರದ್ರೀ ಈ ನಾಯಿಗಳು?"

ರಂಗೋಲಿ ಬಟ್ಟಲು ಹಿಡಿದೇ ಹುಲಿಗೆವ್ವ ಅಂದಳು: "ಕಿವಿ ನೋಡ್ರಿ. ನಮ್ಮ ಓಣೀವು."

ಅಕ್ಕ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಒಬ್ಬ ಗೌರಮ್ಮ ಇರುತ್ತಾರೆ. ಬೈಯುವ ಮೊದಲು ನಾಯಿಯ ಕಿವಿ ನೋಡಿ. ಪೂರ್ತಿ ಇದ್ದರೆ ಓಡಿಸಬೇಡಿ, ಅವರಿಗೆ ತಿಳಿಸಿ. ಬಿಸಿಲಲ್ಲಿ ಅಲೆದು ಬಂದಾಗ ಒಂದು ಲೋಟ ನೀರು ಕೊಡಿ. ನಾಯಿಗೂ, ಅವರಿಗೂ.