ತಕರಾರಮ್ಮನ ಹಲ್ಲಿನ ಸೆಟ್ಟು

ಹಲ್ಲಿನ ಸೆಟ್ಟು ಕಟ್ಟುವವನ ಮನೆಯಲ್ಲಿ ನಗುವ ಹಲ್ಲುಗಳಿಗೇನೂ ಬರವಿರಲಿಲ್ಲ. ಕಿಟಕಿಯ ಅಂಚಿನಲ್ಲಿ, ಕಪಾಟಿನಲ್ಲಿ, ಕೊನೆಗೆ ಚಹಾದ ಲೋಟದ ಪಕ್ಕದಲ್ಲೂ ಅವು ಕಿರಿದುಕೊಂಡು ಕೂತಿರುತ್ತಿದ್ದವು. ನಗುವ ಮನುಷ್ಯರು ಮಾತ್ರ ಈಚೆಗೆ ಆ ಮನೆಯಲ್ಲಿ ಕಡಿಮೆಯಾಗಿದ್ದರು.

ಬಗ್ಗಿ ಕೂತು ಕೂತು ಅವನ ಕತ್ತಿಗೆ ನೆಟ್ಟಗೆ ನಿಲ್ಲುವುದೇ ಮರೆತುಹೋಗಿತ್ತು. ಪಾಲಿಶ್ ಮಾಡುವಾಗ ಏಳುವ ನುಣ್ಣನೆಯ ಪುಡಿ ಮಾಸ್ಕು ಹಾಕಿಕೊಂಡರೂ ಎದೆಗಿಳಿಯುತ್ತಿತ್ತು; ಮಹಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲುಸಿರು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಿದ್ದರು, ಇವನು ಅದಕ್ಕೆ ಹಲ್ಲು ಕೂರಿಸಿ ಕಳಿಸುತ್ತಿದ್ದ. ಸೆಟ್ಟು ಚೆನ್ನಾಗಿ ಕೂತರೆ ಹೊಗಳಿಕೆ ವೈದ್ಯರಿಗೆ, ಚುಚ್ಚಿದರೆ ಬೈಗುಳ ಇವನಿಗೆ. ಈ ಹಾಳು ಕೆಲಸಕ್ಕೆ ಮಗಳು ಬಂದು ಬೀಳಬಾರದು ಎನ್ನುವುದೊಂದೇ ಅವನ ಹಟವಾಗಿತ್ತು.

ಮಗಳಿಗೆ ಹದಿನಾರು ತುಂಬಿ, ಶಾಲೆಯ ದೊಡ್ಡ ಪರೀಕ್ಷೆಯೂ ಮುಗಿದಿತ್ತು. ಇನ್ನು ಮುಂದೆ ಒಂದೋ ಕಾಲೇಜು, ಡಿಗ್ರಿ, ಫ್ಯಾನಿನ ಕೆಳಗೆ ಕುರ್ಚಿ; ಇಲ್ಲವೇ ಕಸುಬಿನ ಶಾಲೆ. ಅಲ್ಲಿ ಇದನ್ನೇ, ಹಲ್ಲು ಕಟ್ಟುವುದನ್ನೇ, ಹೇಳಿಕೊಡುತ್ತಿದ್ದರು. ಹುಡುಗಿಯ ಕಣ್ಣು ಅದರ ಮೇಲೆಯೇ ನೆಟ್ಟಿತ್ತು. ಗೊಂಬೆ ಕೊಡಿಸಿದರೆ ಗೊಂಬೆಗೆ ಮೇಣದ ಹಲ್ಲು ಮಾಡಿಟ್ಟ ಮಹಾರಾಯ್ತಿ ಅವಳು. ಅವಳಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ದುಡಿದು ಸುಸ್ತಾಗಿ ಬರುತ್ತಿದ್ದಳು. "ಅಪ್ಪ ಮಗಳು ಏನಾದ್ರೂ ಒಂದು ತೀರ್ಮಾನಕ್ಕೆ ಬನ್ನಿ. ನನಗೆ ಎರಡು ತುತ್ತು ತಿಂದು ಮಲಗೋಕೆ ಬಿಡಿ" ಎಂದು ಕೈ ತೊಳೆದುಕೊಂಡಿದ್ದಳು.

ಬೇಡ ಅಂದರೆ ಇನ್ನಷ್ಟು ಹಟ ಹಿಡಿಯುತ್ತಾಳೆ, ಎಷ್ಟಾದರೂ ನನ್ನ ಮಗಳು ಎಂದುಕೊಂಡು ಅಪ್ಪ ಬೇರೆ ಉಪಾಯ ಹೂಡಿದ. ಆಗ ಕೈಗೆ ಬಂದಿದ್ದು ತಕರಾರಮ್ಮನ ಅಚ್ಚು. ಈಕೆ ನಿವೃತ್ತ ಹಾಡಿನ ಟೀಚರು. ಯಾವ ಸೆಟ್ಟು ಕೊಟ್ಟರೂ ಶಿಳ್ಳೆ ಹೊಡೆಯುತ್ತೆ, ಒತ್ತುತ್ತೆ, ಕಳಚಿ ಬೀಳುತ್ತೆ ಎಂದು ಬೀದಿ ಕೇಳುವಂತೆ ಕೂಗಾಡಿ ಆ ಹೆಸರು ಸಂಪಾದಿಸಿದ್ದರು. ಅಂಥ ಬಾಯಿಯನ್ನು ತಂದು ಮಗಳ ಮುಂದಿಟ್ಟು, "ಇದನ್ನ ನೀನೇ ಕೂರಿಸು, ನೋಡೋಣ" ಎಂದ. ಮಾಡಲಾರದೆ ತಾನೇ ಕೈಬಿಡುತ್ತಾಳೆ ಎಂಬುದು ಅವನ ಲೆಕ್ಕ.

ಅವಳು ರಜೆಯನ್ನೆಲ್ಲ ಅದಕ್ಕೇ ಸುರಿದಳು. ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಕಿತ್ತು, ಮತ್ತೆ ನಿಲ್ಲಿಸಿದಳು. ಟೀಚರಮ್ಮನ ಹಳೆಯ ಫೋಟೋ ತರಿಸಿಕೊಂಡು, ಮುಂದಿನ ಹಲ್ಲೊಂದನ್ನು ಅದರಲ್ಲಿದ್ದಂತೆ ಕೂದಲೆಳೆಯಷ್ಟು ಓರೆ ಮಾಡಿದಳು. ಮುಗಿಸಿ ಅಪ್ಪನ ಕೈಗಿಟ್ಟಾಗ ಅವನು ತಿರುಗಿಸಿ ಮುರುಗಿಸಿ ನೋಡಿದ. ಹುಳುಕು ಹುಡುಕಲು ಒಂದಿಷ್ಟೂ ಜಾಗವಿರಲಿಲ್ಲ. ಅವನಿಗೆ ಹೆಮ್ಮೆಯಾಯಿತು, ಆ ಹೆಮ್ಮೆಯ ಬೆನ್ನಿಗೇ ಹೆದರಿಕೆಯೂ ಆಯಿತು.

"ಮೇಲಿನ ಸಾಲು ಕೆಳಗಿನ ಸಾಲಿಗೆ ಕೂಡ್ತಾನೇ ಇಲ್ಲ" ಎಂದ.

"ಎಲ್ಲಪ್ಪ?"

"ಎಲ್ಲಿ ಅಂತ ಹೇಳ್ಲಿ? ಎಲ್ಲಾ ಕಡೆ. ಬಿಡು, ಕರಗಿಸಿ ನಾನೇ ಮಾಡ್ತೀನಿ. ಇದು ನಿನ್ನ ಕೈಗೆ ಒಲಿಯೋ ಕೆಲಸ ಅಲ್ಲ ಮಗಳೇ."

ಅವಳು ಎದ್ದು ತನ್ನ ಸಾಮಾನು ಎತ್ತಿಟ್ಟಳು. ಮರುದಿನ ಊಟದ ಹೊತ್ತಿನಲ್ಲಿ, "ಕಾಲೇಜಿಗೇ ಹೋಗ್ತೀನಿ" ಎಂದಳು. ಅಪ್ಪ ಕುಣಿದಾಡಬೇಕಿತ್ತು, ಆದರೆ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದ. ಅಂದಿನಿಂದ ಅವಳು ಅವನ ಮೇಜಿನ ಕಡೆ ಸುಳಿಯಲೇ ಇಲ್ಲ. ಕೈಜಾರಿ ತಟ್ಟೆಯೊಂದು ಒಡೆದರೆ, "ನನ್ನ ಕೈಯೇ ಹಾಗೆ" ಎಂದು ಚೂರು ಆರಿಸಿಕೊಂಡು ಹೋಗುತ್ತಿದ್ದಳು.

ಇನ್ನು ಆ ಸೆಟ್ಟು. ಕರಗಿಸಿ ಹೊಸದಾಗಿ ಕಟ್ಟಬೇಕೆಂದೇ ಅವನು ಕೂತಿದ್ದ. ಆದರೆ ಮೇಜಿನ ತುಂಬ ಬೇರೆಯವರ ಬಾಯಿಗಳು ಕಾಯುತ್ತಿದ್ದವು, ಭುಜ ಸಿಡಿಯುತ್ತಿತ್ತು. ಸರಿಯಾಗಿರುವುದನ್ನು ಕೆಡಿಸಿ ಮತ್ತೆ ಸರಿ ಮಾಡುವಷ್ಟು ತ್ರಾಣ ಯಾರಿಗಿದೆ? ಮಗಳು ಕೂರಿಸಿದ್ದನ್ನು ಇದ್ದಂತೆಯೇ ಇಟ್ಟು, ಮೇಣದ ಜಾಗಕ್ಕೆ ಗುಲಾಬಿ ಪ್ಲಾಸ್ಟಿಕ್ ತುಂಬಿಸಿ, ಉಜ್ಜಿ ವೈದ್ಯರಿಗೆ ಕಳಿಸಿಬಿಟ್ಟ. ಸುಳ್ಳು ಹೇಳಿದವನಿಗೆ ಅದನ್ನು ಕಾಪಾಡಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ.

ಕಾಲೇಜೋ ಕಸುಬಿನ ಶಾಲೆಯೋ ಎಂದು, ಓದಿದ ಶಾಲೆಗೆ ತಿಳಿಸಲು ಇನ್ನೊಂದೇ ದಿನ ಉಳಿದಿತ್ತು. ಅವತ್ತೇ ತಕರಾರಮ್ಮ ನುಗ್ಗಿಬಂದರು. ಅಪ್ಪ ಬೈಗುಳಕ್ಕೆ ತಯಾರಾಗಿ ಎದ್ದು ನಿಂತ. ಆಕೆ ಚೀಲದಿಂದ ಸೇಬೊಂದನ್ನು ತೆಗೆದು, ಅವನ ಮುಖದೆದುರೇ ಕಚಕ್ಕನೆ ಕಚ್ಚಿದರು.

"ನೋಡಿದ್ಯೇನಯ್ಯಾ? ಎಷ್ಟು ವರ್ಷ ಆಗಿತ್ತು ಗೊತ್ತಾ ಹೀಗೆ ತಿಂದು! ಒತ್ತಲ್ಲ, ಶಿಳ್ಳೆ ಹೊಡೆಯಲ್ಲ. ಕನ್ನಡಿ ನೋಡ್ಕೊಂಡ್ರೆ ನನ್ನ ಹಳೇ ಓರೆ ಹಲ್ಲು! ಇಷ್ಟು ದಿನ ಈ ಕೈ ಎಲ್ಲಿ ಬಚ್ಚಿಟ್ಟಿದ್ದೆ?"

ಒಳಬಾಗಿಲಲ್ಲಿ ಮಗಳು ನೀರಿನ ಲೋಟ ಹಿಡಿದು ನಿಂತಿದ್ದಳು. ಟೀಚರಮ್ಮ ನೀರು ಕುಡಿದು, ಹರಸಿ, ಹಾಡು ಗುನುಗುತ್ತಾ ಹೋದರು.

"ಅದು ನಾನು ಕೂರ್ಸಿದ್ದೇ ಅಲ್ವಾ?"

ಆಮೇಲೆ ನಾನು ಸರಿ ಮಾಡಿದೆ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ಅಲ್ಲೇ ನುಂಗಿಕೊಂಡ.

"ನಿಂದೇ. ಒಂದು ಹಲ್ಲೂ ನಾನು ಮುಟ್ಟಿಲ್ಲ."

"ಮತ್ತೆ ಹಾಗ್ಯಾಕಂದೆ?"

"ನನ್ನ ಕತ್ತು ನೋಡು, ಉಸಿರು ನೋಡು. ನಿನಗೂ ಇದೇ ಗತಿ ಬರಬಾರದು ಅಂತ."

"ಅದನ್ನೇ ಹೇಳ್ಬಹುದಿತ್ತಲ್ಲಪ್ಪ. ಬೇಡ ಅಂದಿದ್ರೆ ಜಗಳ ಆಡ್ತಿದ್ದೆ, ಆಮೇಲೆ ಕೇಳ್ತಿದ್ದೆನೋ ಏನೋ. ನೀನು ನನ್ನ ಕೈಗೆ ಒಲಿಯಲ್ಲ ಅಂದೆ. ನಾನು ನಂಬಿಬಿಟ್ಟೆ."

ಅಪ್ಪನಿಗೆ ನಾಚಿಕೆಯಾಯಿತು. ಮಗಳೆದುರು ತಲೆ ತಗ್ಗಿಸಿ ಕೂತ.

"ತಪ್ಪಾಯ್ತು ಕಣಮ್ಮ. ನಿನ್ನಿಷ್ಟ ಇದ್ದ ಕಡೆ ಸೇರು."

"ಕಸುಬಿನ ಶಾಲೆಗೆ ಹೋಗ್ತೀನಿ. ನಾಳೆ ಅದನ್ನೇ ಹೇಳ್ತೀನಿ."

"ಆಯ್ತು, ಹೋಗು" ಎಂದ. ಸೋತಿದ್ದರೂ ಅವನಿಗೆ ಮೈ ಹಗುರಾದಂತಾಯಿತು. ಎದ್ದು, ಮೇಜಿನ ಒಂದು ಬದಿಯ ಸಾಮಾನನ್ನೆಲ್ಲ ಆಚೆ ಸರಿಸಿ ಜಾಗ ಮಾಡತೊಡಗಿದ. "ಶಾಲೆ ಮುಗಿಸ್ಕೊಂಡು ಬಂದು ಇಲ್ಲೇ ನನ್ನ ಪಕ್ಕ ಕೂತು ಅಭ್ಯಾಸ ಮಾಡು. ನಾನು ನೋಡಿ ಹೇಳ್ತೀನಿ."

"ಬೇಡಪ್ಪ. ಅಲ್ಲಿನ ಮೇಷ್ಟ್ರಿಗೇ ತೋರಿಸ್ತೀನಿ. ನೀನು ಚೆನ್ನಾಗಿದೆ ಅಂದ್ರೂ ಅದು ನಿಜಾನೋ ಸುಳ್ಳೋ ಇನ್ಮೇಲೆ ನನಗೆ ಗೊತ್ತಾಗಲ್ಲ."

ಅವಳು ಕೋಪದಿಂದ ಹೇಳಿರಲಿಲ್ಲ. ಕೋಪದಿಂದ ಹೇಳಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.