ಟೋಪಿ ಬೀಳದ ಸಸಿಗಳು

ಡಾಕ್ಟರ್ ತೇಜಸ್ವಿನಿ ವರದಿಯ ಹಾಳೆ ತಿರುವುತ್ತಿದ್ದರೆ ಕೆಂಚನ ಕಣ್ಣು ಅವರ ಮುಖದ ಮೇಲೆಯೇ ಇತ್ತು. ಅಂಕಿಗಳನ್ನು ನಂಬುವುದನ್ನು ಅವನು ಬಿಟ್ಟಿದ್ದ. ಒಮ್ಮೆ ನಂಬಿ ಕೆಟ್ಟಿದ್ದ.

ಆರು ವಾರದ ಹಿಂದೆ ಮಗಳು ರಶ್ಮಿತಾಳ ಜ್ವರ ಬಿಡದೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣ ಒಂದು ಲಕ್ಷ ದಾಟಿತ್ತು. ಬಿಳಿ ಕಣ ರೋಗದ ಜೊತೆ ಹೋರಾಡುತ್ತದೆ ಎಂದು ಕೊರೊನಾ ಕಾಲದಲ್ಲಿ ಕೇಳಿದ್ದ ಕೆಂಚ ಹಿರಿಹಿರಿ ಹಿಗ್ಗಿ, ಸುಂಟಿಕೊಪ್ಪದ ಎಸ್ಟೇಟ್ ಲೈನಿನಲ್ಲಿ, ಆಳುಗಳ ಸಾಲುಮನೆಗಳಲ್ಲಿ, ಮನೆಮನೆಗೂ ಹೇಳಿ ಬಂದ. ಪಾಪ, ಕಾಫಿ ನರ್ಸರಿಯಲ್ಲಿ ಇಪ್ಪತ್ತು ವರ್ಷ ಸಸಿ ಎಬ್ಬಿಸಿದವನಿಗೆ ಹೆಚ್ಚು ಎಂದರೆ ಒಳ್ಳೆಯದೇ.

ಮೈಸೂರಿನ ಆಸ್ಪತ್ರೆಯಲ್ಲಿ ತೇಜಸ್ವಿನಿ ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಈ ಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ, ಹಂತಹಂತವಾಗಿ ಬಲಿತು, ದೇಹದ್ದು ಯಾವುದು ಹೊರಗಿನದು ಯಾವುದು ಎಂದು ಕಲಿಯಬೇಕು. ತಪ್ಪು ಕಲಿತವನ್ನು ದೇಹವೇ ತೆಗೆದುಹಾಕುತ್ತದೆ. ರಶ್ಮಿತಾಳ ಕಣಗಳು ಬಲಿಯುವುದೇ ಇಲ್ಲ, ಸುಮ್ಮನೆ ಹೆಚ್ಚುತ್ತ ಒಳ್ಳೆಯವಕ್ಕೆ ಜಾಗ ಬಿಡುವುದಿಲ್ಲ. ಅದು ರಕ್ತದ ಕ್ಯಾನ್ಸರ್.

ಕೆಂಚನ ಕಣ್ಣ ಮುಂದೆ ನರ್ಸರಿಯ ಸಸಿ ಮಡಿ ಬಂತು. ಕಾಫಿ ಮೊಳಕೆಯ ತಲೆಯ ಮೇಲೆ ಬೀಜದ ಸಿಪ್ಪೆ ಟೋಪಿಯಂತೆ ಕೂತಿರುತ್ತದೆ. ಅದು ಬಿದ್ದು, ಎಲೆ ಬಿಚ್ಚಿ, ಬೇರು ಡೊಂಕಾದವನ್ನು ಕಿತ್ತೆಸೆದ ಮೇಲೆ ಉಳಿದವು ತೋಟಕ್ಕೆ ಹೋಗುತ್ತವೆ.

"ಮಡಿ ತುಂಬ ಬರೀ ಟೋಪಿ ಗಿಡನೇ ಇದ್ರೆ ತೋಟ ಎಲ್ಲಿಂದ ಆಗ್ಬೇಕು, ಮೇಡಂ?" ಎಂದಿದ್ದ.

ಔಷಧಿ ಒಳ್ಳೆಯದು ಕೆಟ್ಟದ್ದು ಎನ್ನದೆ ಮಡಿಯನ್ನೇ ಬರಿದು ಮಾಡಿತು. ಕಣ ಇನ್ನೂರಕ್ಕಿಳಿದ ವಾರ ಲೈನಿನ ಹನ್ನೆರಡು ಮಂದಿ ಎಸ್ಟೇಟ್ ಜೀಪಿನಲ್ಲಿ ಬಂದು ರಕ್ತ ಕೊಟ್ಟರು, ಊಟಕ್ಕೂ ನಿಲ್ಲಲಿಲ್ಲ.

"ಮೂರು ಸಾವಿರದ ಇನ್ನೂರು," ಎಂದರು ತೇಜಸ್ವಿನಿ ಈಗ, ವರದಿಯಿಂದ ತಲೆಯೆತ್ತಿ ನಗುತ್ತ. ಮಜ್ಜೆಯಲ್ಲಿ ಎಲ್ಲ ಹಂತದ ಕಣಗಳೂ ಸರಿಯಾಗಿ ಬೆಳೆಯುತ್ತಿವೆ, ಕೆಟ್ಟವು ಕಾಣುತ್ತಿಲ್ಲ, ಆದರೂ ಚಿಕಿತ್ಸೆ ಇನ್ನೆರಡು ವರ್ಷ ನಡೆಯಬೇಕು ಎಂದರು. ಕೆಂಚ ಕೈ ಮುಗಿದ.

ಹೊರಗೆ ಬಂದು, ರಕ್ತ ಕೊಟ್ಟವರಲ್ಲಿ ಮೊದಲಿಗಳಾದ ಪಕ್ಕದ ಮನೆಯ ಬೋಜಮ್ಮನಿಗೆ ಫೋನ್ ಮಾಡಿದ. ಎಷ್ಟಿದೆಯೆಂದು ಅವಳು ಕೇಳಿದಳು. ಮೂರು ಸಾವಿರ ಎಂದ. ಲಕ್ಷ ಕೇಳಿದ್ದ ಕಿವಿ ಅದು.

"ಅಷ್ಟೇನಾ ಕೆಂಚಾ?"

"ಅಷ್ಟೇ ಅಕ್ಕಾ. ಎಲ್ಲಾ ಟೋಪಿ ಬಿದ್ದವು."

ಬೋಜಮ್ಮ ಫೋನ್ ಇಡಲಿಲ್ಲ. ಅವಳ ಚಪ್ಪಲಿಯ ಸದ್ದು ಕೇಳಿತು, ಆಮೇಲೆ ಒಂದು ಬಾಗಿಲು ತಟ್ಟಿ "ಟೋಪಿ ಬಿತ್ತಂತೆ" ಅನ್ನುವುದು, ಆಮೇಲೆ ಇನ್ನೊಂದು. ಕೆಂಚ ಫೋನನ್ನು ಕಿವಿಗೆ ಒತ್ತಿಕೊಂಡು, ಲೈನಿನ ಕೊನೆಯ ಮನೆಯವರೆಗೂ ಕೇಳುತ್ತ ನಿಂತ.