ಮಾತಾಡುವ ಉಂಗುರ

ನನ್ನ ಬಾಮೈದ ವೈಜ್ಞಾನಿಕ ಕಥೆ ಬರೆಯುತ್ತಾನೆ. ಬರೆದುಕೊಳ್ಳಲಿ, ನನ್ನಪ್ಪನ ಗಂಟೇನು ಹೋಯಿತು! ಆದರೆ ಅವನ ಹೊಸ ಕಥೆಯ ನಾಯಕ ಎರಡು ಮೈಲಿ ಬಂಡೆಯ ಕೆಳಗೆ ಕೂತು, ಬೆರಳಿನ ಉಂಗುರಕ್ಕೆ ಬಾಯಿಟ್ಟು, ಮೇಲಿರುವ ಹೆಂಡತಿಯ ಜೊತೆ ಹರಟುತ್ತಾನೆ. ತಂತಿಯಿಲ್ಲ, ಗೊರಗೊರ ಸದ್ದೂ ಇಲ್ಲ. ವಾರಪತ್ರಿಕೆಯಲ್ಲಿ ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು.

ನಾನು ಇಪ್ಪತ್ತಾರು ವರ್ಷದಿಂದ ಗಣಿಯ ಸುರಂಗದಲ್ಲಿ ಟೆಲಿಫೋನ್ ತಂತಿ ಎಳೆಯುವವನು. ವೈರ್‌ಲೆಸ್ ಸೆಟ್ಟು ಸುರಂಗದ ಬಾಯಿಯಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಎರಡನೇ ತಿರುವು ದಾಟಿದರೆ ಬಂಡೆ ಅದರ ಮಾತನ್ನೆಲ್ಲ ನುಂಗಿ ನೀರು ಕುಡಿಯುತ್ತದೆ. ಸುರಂಗದ ಕೊನೆಯಲ್ಲಿ ಪಂಪು ನಡೆಸುವವಳು ನನ್ನ ಹೆಂಡತಿ, ಅಂದರೆ ಈ ಮಹಾಶಯನ ಸ್ವಂತ ಅಕ್ಕ. ನೀರು ಉಕ್ಕಿದರೆ ಅವಳು ಸುದ್ದಿ ಮುಟ್ಟಿಸುವುದು, ಹೊರಗಿನವರು ಅವಳನ್ನು ವಾಪಸ್ ಕರೆಯುವುದು, ಎಲ್ಲ ನನ್ನ ಆ ತಂತಿಯಿಂದಲೇ.

"ಅಲ್ಲಯ್ಯಾ, ಆ ಉಂಗುರದ ಮಾತು ಬಂಡೆ ದಾಟೋದು ಹೇಗೆ?" ಎಂದು ಅವನನ್ನೇ ಕೇಳಿದೆ.

"ಕಥೆ ಅಲ್ವಾ ಭಾವ. ನಾಯಕ ತಂತಿ ಹುಡುಕ್ತಾ ಕೂತ್ರೆ ಓದೋರು ಆಕಳಿಸ್ತಾರೆ."

ಓದಿದವರಲ್ಲಿ ನಮ್ಮ ಹೊಸ ಮ್ಯಾನೇಜರೂ ಒಬ್ಬ. ಅವನು ಆಕಳಿಸಲಿಲ್ಲ. ಹನ್ನೆರಡು ವೈರ್‌ಲೆಸ್ ಸೆಟ್ಟು ತರಿಸಿ, ತಂತಿ ಕಿತ್ತುಹಾಕಲು ಹೇಳಿದ.

"ಕಾಲ ಎಲ್ಲಿಗೋ ಹೋಗಿದೆ, ನೀನಿನ್ನೂ ದಾರ ಕಟ್ಕೊಂಡು ಒದ್ದಾಡ್ತಿದ್ದೀಯಲ್ಲೋ!"

ಎರಡನೇ ತಿರುವಿನಾಚೆ ಒಮ್ಮೆ ಪರೀಕ್ಷೆ ಮಾಡಿ ಎಂದೆ. ಸುರಂಗದ ಬಾಯಲ್ಲೇ ನಿಂತು ನಾಲ್ಕು ಸಲ ಹಲೋ ಅಂದು ಪರೀಕ್ಷೆ ಮುಗಿಸಿದ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು ನನ್ನ ಮಾತು.

ಉದ್ಘಾಟನೆಗೆ ಬಾಮೈದನನ್ನೇ ಕರೆಸಿದ. ನಾನು ತಂತಿ ಕತ್ತರಿಸಬೇಕು. ಕಥೆಗಾರ ಪಂಪಿನವರೆಗೆ ಹೋಗಿ, ಅಲ್ಲಿಂದ ತನ್ನ ನಾಯಕನ ಮಾತನ್ನು ಸೆಟ್ಟಿನಲ್ಲಿ ಹೇಳಬೇಕು. ಬಾಮೈದ ಇಸ್ತ್ರಿ ಅಂಗಿ, ಹೆಲ್ಮೆಟ್ಟು ಹಾಕಿಕೊಂಡು ಬಂದ. ಪಾಳಿಗೆ ಹೊರಟು ನಿಂತಿದ್ದ ಅಕ್ಕನ ಕಡೆ ಕೈ ಬೀಸಿದ. ಸುರಂಗದ ಒಳಕ್ಕೆ ಇಣುಕಿದ. ಆಮೇಲೆ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ:

"ಭಾವ, ನಾನು ವಾಪಸ್ ಬರೋವರೆಗೂ ತಂತಿ ಕತ್ತರಿಸ್ಬೇಡಿ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ಪಿತ್ತ ನೆತ್ತಿಗೇರಿತು. ಕಟಿಂಗ್ ಪ್ಲೇಯರನ್ನು ಅವನ ಕೈಗೆ ತುರುಕಿ, ಎಲ್ಲರಿಗೂ ಕೇಳುವಂತೆ ಕೂಗಿದೆ.

"ನೀನೇ ಕತ್ತರಿಸು! ಕತ್ತರಿಸಿ ಒಳಗೆ ಹೋಗು! ಅರ್ಧ ಗಂಟೆಗೆ ನಿಂಗೆ ಬೇಕಾದ ತಂತಿ, ದಿನಾ ಎಂಟು ಗಂಟೆ ಕೂರೋ ನಿಮ್ಮಕ್ಕಂಗೆ ಬೇಡ್ವೇನೋ?"

ಅವನು ಪ್ಲೇಯರನ್ನು ನನ್ನ ಕೈಗೇ ವಾಪಸ್ ಕೊಟ್ಟ. ಮ್ಯಾನೇಜರನ ಕಡೆ ತಿರುಗಿ, "ಸರ್, ಅಲ್ಲಿಂದ ಕೇಳ್ಸಲ್ಲ. ನಾನು ಸುಮ್ನೆ ಬರೆದಿದ್ದು," ಎಂದ.

"ಸೆಟ್ಟು ಬಂದಾಗಿದೆಯಲ್ರೀ," ಎಂದ ಮ್ಯಾನೇಜರ್.

"ಹಾಗಾದ್ರೆ ನೀವೇ ಬನ್ನಿ," ಎಂದಳು ನನ್ನ ಹೆಂಡತಿ. "ನನ್ನ ಪಂಪಿನ ಹತ್ರ ನಿಂತು ಕೂಗಿ. ಇಲ್ಲಿಗೆ ಕೇಳಿಸಿದ್ರೆ ತಂತಿ ನಾನೇ ಕತ್ತರಿಸ್ತೀನಿ."

ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಮೀಟಿಂಗಿದೆ, ಇನ್ನೊಂದು ದಿನ ನೋಡೋಣ ಎಂದು ಜಾಗ ಖಾಲಿ ಮಾಡಿದ. ತಂತಿ ಉಳಿಯಿತು.

ನನ್ನ ಸಿಟ್ಟೂ ಉಳಿಯಿತು. "ಅಕ್ಕ ಅಲ್ಲಿ ಕೂತಿರ್ತಾಳೆ ಅಂತ ಗೊತ್ತಿದ್ದೂ ಹೇಗಯ್ಯಾ ಬರೆದೆ?"

ಅವನು ಹೆಲ್ಮೆಟ್ಟು ತೆಗೆದ. "ಬರೆಯೋವಾಗ ಅಕ್ಕ ನೆನಪಿಗೇ ಬರ್ಲಿಲ್ಲ ಭಾವ."

ಹೆಂಡತಿ ಅಲ್ಲೇ ನಿಂತಿದ್ದಳು, ಕೇಳಿಸಿಕೊಂಡಳು. ಪಾಳಿಗೆ ಹೊರಟು ಹೋದಳು.